ಒಬ್ಬರನ್ನೊಬ್ಬರು ಕೊಂದವರು

ನಿಕನೋರ್,

ಇವತ್ತು ನಿನ್ನ ಎಲುಬು ತರಲೆಂದು ನಿನ್ನವ್ವನನ್ನು ಕರೆದುಕೊಂಡು ಪಟ್ಟಣಕ್ಕೆ ಹೋಗಿದ್ದೆ. ವರ್ಷಗಳ ಹಿಂದೆ ಗಣಿ ಮುಷ್ಕರದಲ್ಲಿ ಸೈನಿಕರು ಗುಂಡಿಕ್ಕಿ ಕೊಂದ ನೀನು, ನಿನ್ನ ಗೆಳೆಯ ಸತುರ್ನಿನೋ, ಈಗ ಕಚೇರಿಯ ಕಪಾಟಿನಲ್ಲಿ ಎರಡು ರಟ್ಟಿನ ಪೆಟ್ಟಿಗೆ.

ನಾವು ಸಹಿ ಹಾಕಬೇಕಾದ ವಾಕ್ಯವನ್ನು ಅಧಿಕಾರಿ ಓದಿದ: “ಸೆ ಮತಾರೊನ್.” ಒಬ್ಬರನ್ನೊಬ್ಬರು ಕೊಂದುಕೊಂಡರು. ಈ ಸರ್ಕಾರದ ಸ್ಪ್ಯಾನಿಷ್‌ನಲ್ಲಿ ಕೊಂದವನಿಗೆ ಜಾಗವೇ ಇಲ್ಲ, ಎಲ್ಲವನ್ನೂ ಸತ್ತವರೇ ಮಾಡಿಕೊಂಡಿರುತ್ತಾರೆ.

ನಿನ್ನವ್ವ ಎದ್ದು ನಿಂತಳು. “ಸಾಹೇಬ, ಇವರಿಬ್ಬರೂ ಭಾನುವಾರ ನಮ್ಮ ಅಂಗಳದಲ್ಲಿ ಕೂತು ಒಬ್ಬರಿಗೊಬ್ಬರು ಗಡ್ಡ ಬೋಳಿಸ್ತಿದ್ರು. ಕತ್ತಿ ಕುತ್ತಿಗೆ ಮೇಲೇ ಇರ್ತಿತ್ತು. ಕೊಲ್ಲೋರು ಅಲ್ಲೇ ಕೊಲ್ತಿದ್ರು.”

“ಅಜ್ಜೀ, ಅದು ಬರೆಯೋ ಪದ್ಧತಿ ಅಷ್ಟೆ.”

“ಹಾಗಾದ್ರೆ ಪೆನ್ನು ಹಿಡಿ. ಸೈನಿಕರು ಕೊಂದ್ರು ಅಂತ ಬರಿ. ಪದ್ಧತಿ ನಾನು ಕಲಿಸ್ತೀನಿ.”

ಅವನು ಪೆನ್ನಿನ ಮುಚ್ಚಳ ಹಾಕಿದ. “ಸಹಿ ಇಲ್ಲ ಅಂದ್ರೆ ಪೆಟ್ಟಿಗೆನೂ ಇಲ್ಲ,” ಎಂದು ಕಾಗದವನ್ನು ನಿನ್ನ ಹೆಂಡತಿಯಾದ ನನ್ನ ಕಡೆ ತಳ್ಳಿದ. ಅವ್ವ ನನ್ನ ಮುಖ ನೋಡಲಿಲ್ಲ. ನಾನು ಕಾಗದವನ್ನು ವಾಪಸ್ಸು ತಳ್ಳಿದೆ.

ಬಸ್ಸಿನ ಕಿಟಕಿಗೆ ಗಾಜಿರಲಿಲ್ಲ, ಬೆಟ್ಟದ ಚಳಿ ಒಳಗೇ ಬರುತ್ತಿತ್ತು. ನಿನ್ನನ್ನು ಸುತ್ತಿ ತರಲೆಂದು ಒಯ್ದಿದ್ದ ಕಂಬಳಿ ಅವ್ವನ ಮಡಿಲಲ್ಲಿ ಮಡಚಿದಂತೆಯೇ ಇತ್ತು. ಹೊದ್ದುಕೋ ಎಂದೆ. ಅವಳು ಹೊದ್ದುಕೊಳ್ಳಲಿಲ್ಲ.