ಐವತ್ನಾಲ್ಕರಲ್ಲಿ ಪರೀಕ್ಷೆ

ಅಮ್ಮಾ,

ನೀನು ಹೋಗಿ ಆರು ವರ್ಷವಾಯಿತು. ಈ ದಿನ ನಾನು ಲಿಫ್ಟ್ ಮೆಕ್ಯಾನಿಕ್ ಪರೀಕ್ಷೆಯಲ್ಲಿ ಫೇಲಾದೆ. ಜೊತೆಯ ಎಳೆಯರು ಸರ್ಕ್ಯೂಟ್ ನಕ್ಷೆಯನ್ನು ಒಮ್ಮೆ ನೋಡಿ ಬರೆದುಬಿಡುತ್ತಾರೆ. ನನ್ನ ತಲೆಯಲ್ಲಿ ನಿಲ್ಲುವುದಿಲ್ಲ. ಮಧ್ಯಾಹ್ನ ತರಬೇತಿ ಕಟ್ಟಡದ ಲಿಫ್ಟೇ ಕೆಟ್ಟಿತು. ಅವರೆಲ್ಲ ನಕ್ಷೆ ಹುಡುಕುತ್ತಿದ್ದಾಗ, ನಾನು ಸದ್ದು ಕೇಳಿಯೇ ದೋಷ ಎಲ್ಲಿದೆಯೆಂದು ಹೇಳಿದೆ.

"ನಿಮಗೆ ನೆನಪು ನಿಧಾನ, ತಿಳುವಳಿಕೆ ಜಾಸ್ತಿ. ಇನ್ನೊಂದ್ಸಲ ಬರೀರಿ," ಅಂದರು ತರಬೇತಿ ಕೊಡುವ ಮೇಡಂ. ಅಲ್ಲೇ ಮತ್ತೆ ಹೆಸರು ಕೊಟ್ಟೆ.

ನನ್ನ ಈಗಿನ ವಯಸ್ಸಿನಲ್ಲೇ ನೀನು ಸ್ಲೇಟು ಹಿಡಿದು ಬಂದು, "ನಂಗೂ ಓದೋದು ಹೇಳ್ಕೊಡೋ," ಅಂದಿದ್ದೆ. "ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗುತ್ತೇನಮ್ಮ?" ಎಂದು ನಾನು ನಕ್ಕೆ. ನೀನೂ ನಕ್ಕು ಸ್ಲೇಟನ್ನು ಅಟ್ಟಕ್ಕೆ ಹಾಕಿದೆ.

ಮುಂದಿನ ತಿಂಗಳು ಪರೀಕ್ಷೆಗೆ ಕೂತೇ ಕೂರುತ್ತೇನೆ. ಈ ಪತ್ರವನ್ನು, ಈಗಷ್ಟೇ ಓದಲು ಕಲಿಯುವವರಿಗೆ ಬರೆಯುವಂತೆ, ದಪ್ಪ ಅಕ್ಷರಗಳಲ್ಲಿ, ಬಿಡಿಸಿ ಬಿಡಿಸಿ ಬರೆದಿದ್ದೇನೆ.