ಗಾಳೆಮ್ಮನನ್ನು ಇಳಿಸಿ ಬಂದ ಟ್ರಿಪ್

ಸಾಲಗುಂದ
೧೧ ಮಾರ್ಚ್ ೨೦೨೫

ಸುಜಾತಾಳ ಅಪ್ಪನವರಿಗೆ,

ಅಂಬಿಕಾಳ ನಮಸ್ಕಾರ. ನಿಮ್ಮ ಅವ್ವ ಗಾಳೆಮ್ಮ, ಮಗಳು ಸುಜಾತಾ, ನಾನು ಮೂವರೂ ನನ್ನ ತವರಿನಲ್ಲಿದ್ದೇವೆ.

ಈ ಕಥೆಯನ್ನು ಮೊದಲು ಹೇಳಿದವರು ನಿಮ್ಮ ಜೊತೆ ಆಟೋ ಓಡಿಸುವ ಮಕ್ತುಮ್‌ಸಾಬ್. ಹೋದ ಶನಿವಾರ ಹೊತ್ತು ಮುಳುಗುವಾಗ, ಮಸ್ಕಿಯ ನಮ್ಮ ಬಾಗಿಲಲ್ಲಿ, ಅತ್ತೆಯ ಕೈ ಹಿಡಿದುಕೊಂಡು ಹೇಳಿದರು. ನೀವು ಎದುರಿಗೇ ಕೂತಿದ್ದಿರಿ. ಆದರೂ ಬರೆಯುತ್ತಿದ್ದೇನೆ. ಫೋನಿನಲ್ಲಿ ಹೇಳಿದರೆ ಹೇಳಿದ್ದೂ ನಿಮ್ಮ ತಲೆಯಲ್ಲಿ ಉಳಿಯುವುದಿಲ್ಲ.

ಕಣ್ಣಿನ ಆಪರೇಷನ್ ಆಗಿದ್ದ ಅತ್ತೆಯನ್ನು ಅಂದು ಬೆಳಗ್ಗೆ ಲಿಂಗಸುಗೂರಿನ ಆಸ್ಪತ್ರೆಯಿಂದ ಕರೆತರಲು ಹೋದಿರಿ. ಅವರ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದು ಮೊದಲೇ ಮಂಜು. ನೀವು ಎಲ್ಲಿ ಕುಡಿದಿರೋ, ಎಷ್ಟು ಕುಡಿದಿರೋ. ಸಂತೆಕಲ್ಲೂರಿನ ಆಟೋ ಸ್ಟ್ಯಾಂಡಿಗೆ ಬಂದಾಗ ಮಸ್ಕಿಗೆ ಹೋಗುವ ಪಾಳಿ ನಿಮ್ಮದಾಗಿತ್ತು. ಬಿಟ್ಟರೆ ಸಾಲಿನ ಕೊನೆಗೆ ನಿಲ್ಲಬೇಕು. ಮದುವೆಯ ಊಟ ಮುಗಿಸಿದ ಮಂದಿ ಮುತ್ತಿಕೊಂಡರು. ಒಬ್ಬರಿಗೆ ಜಾಗ ಸಾಲಲಿಲ್ಲ.

ನೀವು ಹೆತ್ತವಳನ್ನು ಇಳಿಸಿ ಬೇವಿನ ಮರದ ಕೆಳಗೆ ಕೂರಿಸಿದಿರಿ. "ಇಲ್ಲೇ ಕುಂದ್ರಬೇ ಯವ್ವ, ಇವರನ್ನ ಬಿಟ್ಟು ಬಂದೇಬಿಟ್ಟೆ" ಅಂದಿರಂತೆ.

"ಕಾಲು ಜೋಲಿ ಹೊಡೀಲಿಲ್ಲ ತಂಗಿ, ನಾಲಿಗಿ ತೊದಲಲಿಲ್ಲ. ಮಂದಿಗೆ ಚಿಲ್ಲರೆ ಸುದ್ದ ಬರೋಬ್ಬರಿ ಕೊಟ್ಟಾನ. ಹೊಳ್ಳಿ ಬರ್ತಾನಂತ ನಾನೂ ತಿಳಕೊಂಡೆ" ಅಂದರು ಮಕ್ತುಮ್‌ಸಾಬ್.

ನಾನು ಕೆಲಸದಿಂದ ಬಂದಾಗ ನೀವು ಬಾಯಿ ತೆರೆದು ಮಲಗಿದ್ದಿರಿ. ದಿಂಬೆಲ್ಲ ಜೊಲ್ಲು. ಎಬ್ಬಿಸಿ, ಅತ್ತೆ ಎಲ್ಲಿ ಎಂದು ಕೇಳಿದೆ. "ದವಾಖಾನ್ಯಾಗ ಅದಾಳಲ್ಲ, ನಾಳೆ ಕರ್ಕೊಂಡು ಬರ್ತೀನಿ" ಅಂದಿರಿ. ಆಸ್ಪತ್ರೆಗೆ ಫೋನ್ ಮಾಡಿದೆ. ಮಗ ಬೆಳಗ್ಗೆಯೇ ಕರೆದುಕೊಂಡು ಹೋದ ಎಂದರು. "ನನಗ ನೆನಪಿಲ್ಲ" ಅಂತ ನೀವು ಮಗ್ಗುಲು ಬದಲಿಸಿದಿರಿ. ನಾನು ಚಪ್ಪಲಿ ಮೆಟ್ಟುವಷ್ಟರಲ್ಲಿ ಅತ್ತೆಯನ್ನು ಕೂರಿಸಿಕೊಂಡು ಮಕ್ತುಮ್‌ಸಾಬರ ಆಟೋ ಬಂತು.

ಮನೆಗೆ ಬಿಡುತ್ತೇನೆಂದು ಮಧ್ಯಾಹ್ನವೇ ಅವರು ಅತ್ತೆಯನ್ನು ಕರೆದಿದ್ದರು. ಅತ್ತೆ ಏಳಲಿಲ್ಲ. "ನನ್ನ ಮಗ ಕುಂದ್ರು ಅಂದಾನಪ್ಪ" ಅಂದರಂತೆ. ಸಂಜೆ ಮತ್ತೆ ಬಂದು ನೋಡಿದರೆ ಮರದ ನೆರಳು ಸರಿದಿತ್ತು, ಅತ್ತೆ ಸರಿದಿರಲಿಲ್ಲ. ಪಟ್ಟಿಯ ಮೇಲೆಲ್ಲ ರಸ್ತೆಯ ಧೂಳು. ಸೀರೆ ಒದ್ದೆಯಾಗಿತ್ತು. ಎದ್ದು ಹೋದರೆ ನೀವು ಬಂದು ಹುಡುಕುತ್ತೀರಿ ಅಂತ ಕೂತಲ್ಲೇ ಕೂತಿದ್ದರು.

ಇಷ್ಟು ಕೇಳಿ ನೀವು ನಕ್ಕಿರಿ. "ಏ ಸಾಬಣ್ಣ, ಸ್ವಂತ ಅವ್ವನ್ನ ಯಾರರ ಹಾದ್ಯಾಗ ಇಳಸ್ತಾರೇನೋ!" ಯಾರದೋ ಕಥೆ ಕೇಳುವವರ ಹಾಗೆ, ಹೊಟ್ಟೆ ಕುಣಿಸಿ ನಕ್ಕಿರಿ. ಇಷ್ಟು ವರ್ಷ ನಿಮ್ಮ ವಾಂತಿ ಬಳಿದಿದ್ದೇನೆ, ಉಚ್ಚೆಯ ಲುಂಗಿ ಒಗೆದಿದ್ದೇನೆ. ಹೇಸಿಗೆ ಅನ್ನಿಸಿದ್ದು ಆ ನಗುವಿಗೆ. ಈಗಲೂ ಅದು ಕಿವಿಯಲ್ಲಿದೆ.

ಸಿಂಧನೂರಿನಲ್ಲಿ ಅತ್ತೆಯ ಕಣ್ಣು ತೋರಿಸುವಾಗ, ಬೇರೊಬ್ಬ ಡಾಕ್ಟರಮ್ಮನಿಗೆ ನಿಮ್ಮ ಸಂಗತಿ ಹೇಳಿದೆ. ನೆನಪಿಲ್ಲ ಅಂತ ಸುಳ್ಳು ಹೇಳುತ್ತಾರೇನೋ ಎಂದು ಕೇಳಿದೆ. "ಇಲ್ಲವ್ವಾ. ಕುಡದಾಗ ರೂಢಿ ಇದ್ದ ಕೆಲಸ ಕೈಕಾಲು ಮಾಡ್ತಾವ, ಬಾಯಿ ಮಾತಾಡ್ತದ. ಆದ್ರ ನಡೆದದ್ದನ್ನ ತಲಿ ಒಳಗ ಇಟ್ಟಕೊಳ್ಳೂದೇ ಇಲ್ಲ. ಇಡಲಾರದ್ದನ್ನ ಎಲ್ಲಿಂದ ತಗೀತಾನ?" ಅಂದರು. ಹೀಗೇ ಕುಡಿಯುತ್ತಿದ್ದರೆ ಕುಡಿಯದ ದಿನವೂ ಬುದ್ಧಿ ಮಂಕಾಗುತ್ತದಂತೆ. ಅದು ಆಗಲೇ ಶುರುವಾಗಿದೆ. ಸುಜಾತಾ ಎಷ್ಟನೇ ತರಗತಿ ಎಂದು ಒಂದೇ ಊಟದಲ್ಲಿ ಎರಡು ಸಲ ಕೇಳುತ್ತೀರಿ. ಮುದಗಲ್ಲಿನ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ಪ್ಯಾಸೆಂಜರನ್ನೇ ಕೇಳುತ್ತೀರಿ.

ಕುಡಿತ ಒಮ್ಮೆಲೇ ಬಿಟ್ಟರೂ ಜೀವಕ್ಕೆ ಅಪಾಯವಂತೆ. ಸಿಂಧನೂರಿನ ಆಸ್ಪತ್ರೆಯಲ್ಲಿ ಸೇರಿಸಿಕೊಂಡೇ ಬಿಡಿಸುತ್ತಾರೆ. ಬರುವುದಿದ್ದರೆ ಅಲ್ಲಿಗೆ ಬನ್ನಿ, ನಾನೂ ಬರುತ್ತೇನೆ. ಸಾಲಗುಂದಕ್ಕೆ ಬರಬೇಡಿ. ನಿಮ್ಮ ಆಟೋದಲ್ಲಿ ಇನ್ನು ನನ್ನ ಮಗಳು ಕೂರುವುದಿಲ್ಲ.

ಇಂತಿ,
ಅಂಬಿಕಾ

ತಾ.ಕ.: ನಿನ್ನೆ ಬರೆದದ್ದನ್ನು ಸಂಜೆ ಅತ್ತೆಗೂ ಸುಜಾತಾಳಿಗೂ ಓದಿ ಹೇಳಿದೆ. ಅತ್ತೆ ಪೂರ್ತಿ ಕೇಳಿ, "ನಾನೇ ಇಳಿದಿರಬೇಕು ಬೇ, ನನಗ ನೆನಪಿಲ್ಲ" ಅಂದರು. ಏಳಬೇಕಾದೀತೆಂದು ಗುಟುಕು ನೀರನ್ನೂ ಲೆಕ್ಕವಿಟ್ಟು ಕುಡಿದು ಅಲ್ಲಿ ಕೂತಿದ್ದವರಿಗೆ ನೆನಪಿಲ್ಲವಂತೆ! ಇವತ್ತು ಬೆಳಗ್ಗೆ ಬೀದಿಯಲ್ಲಿ ಆಟೋ ಸದ್ದಾಯಿತು. ಅತ್ತೆ ಗೋಡೆ ತಡವುತ್ತ ತಮ್ಮ ಕೈಚೀಲ ಹುಡುಕಿಕೊಂಡು ಹೊಸ್ತಿಲಿಗೆ ಹೋದರು. ಸುಜಾತಾ ಓಡಿಹೋಗಿ ಚೀಲ ಕಸಿದುಕೊಂಡಳು. "ಅಲ್ಲಿ ಕುಂದ್ರಬ್ಯಾಡ ಆಯಿ" ಎಂದು ಅವರ ಕೈ ಹಿಡಿದು ಒಳಗೆ ಕರೆತಂದಳು.