ಪಾಸ್ಟರ್ ಮೇಲಿನ ಅನುಮಾನ

ನವೆಂಬರ್ ೯, ಭಾನುವಾರ

ಮೂರು ವಾರದಿಂದ ನೋಡುತ್ತಿದ್ದೇನೆ. ಚರ್ಚಿನ ಪ್ರಭುಭೋಜನದಲ್ಲಿ ಸಭೆಯವರಿಗೆ ಕೊಡಲೆಂದು ಪಾಸ್ಟರ್ ನನ್ನ ಕೈಗಿಡುವ ಪಾನಪಾತ್ರೆಯಲ್ಲಿ ಅರ್ಧವೇ ದ್ರಾಕ್ಷಾರಸ. ನನ್ನ ಕೈನಡುಕ ಕಂಡಿರಬೇಕು, ಮುದುಕಿಯನ್ನು ಈ ಸೇವೆಯಿಂದ ಮೆಲ್ಲಗೆ ಸರಿಸುವ ಹುನ್ನಾರ ಅಂತ ಒಳಗೇ ಕುದಿಯುತ್ತಿದ್ದೆ. ನಲವತ್ತು ವರ್ಷ ನರ್ಸಾಗಿ ಸೂಜಿ ಹಿಡಿದ ಕೈ ಇದು.

ಇವತ್ತು ಆರಾಧನೆ ಮುಗಿದ ಮೇಲೆ ಕೇಳಿಯೇಬಿಟ್ಟೆ. "ನಾನು ಚೆಲ್ತೀನಿ ಅಂತ ತಾನೇ?"

ಅವರು ಬಾಗಿಲು ಹಾಕಿ ಬಲಗೈ ಚಾಚಿದರು. "ಅಲ್ಲ, ನಾನೇ ಚೆಲ್ತೀನಿ ಅಂತ, ಅಮ್ಮ. ಯಾರಿಗೂ ಹೇಳಿಲ್ಲ."

ನನ್ನ ಸಮಾಧಾನಕ್ಕೆ ಆಡುವ ನಾಟಕವಿರಬಹುದೆಂದು ಮಣಿಕಟ್ಟು ಹಿಡಿದು ನೋಡಿದೆ. ಬೆರಳುಗಳ ನಡುಕ ನಿಲ್ಲಲಿಲ್ಲ. ಸುಳ್ಳು ನಡುಕ ನನಗೆ ಗೊತ್ತಾಗದೇ ಇರುತ್ತದೆಯೇ? ಅವರಿಗಿನ್ನೂ ಅರವತ್ತೂ ತುಂಬಿಲ್ಲ.

"ನಿಮಗೆ ಹೆದರಿಕೆ ಆಗಲ್ವಾ?" ಅಂದರು.

"ಆಗುತ್ತೆ. ಆದ್ರೆ ನಡುಗೋ ಕೈ ನನಗೆ ಬೇಡ ಅಂತ ಕರ್ತನು ಎಲ್ಲೂ ಹೇಳಿಲ್ವಲ್ಲ," ಅಂದೆ. ಬಾಯಿಂದ ಬಂದ ಮೇಲೆ, ಆ ಮಾತು ಮೊದಲು ಬೇಕಾಗಿದ್ದದ್ದು ನನಗೇ ಅನ್ನಿಸಿತು.

ಬರುವ ಭಾನುವಾರ ಸಭೆಯೆದುರು ನನ್ನ ಕೈಯ ವಿಷಯ ನಾನೇ ಹೇಳಿಬಿಡುತ್ತೇನೆ. ಆಮೇಲೆ ಅವರಿಗೂ ಹೇಳುವುದು ಸಲೀಸಾಗಬಹುದು. ಇದು ಅಕ್ಕರೆಯೋ, ದೊಡ್ಡವಳು ಅನ್ನಿಸಿಕೊಳ್ಳುವ ಆಸೆಯೋ? ನನ್ನ ಮೇಲೇ ನನಗೆ ಗುಮಾನಿ. ಕರ್ತನೇ, ನನಗೆ ಎಪ್ಪತ್ತನಾಲ್ಕಾಯಿತು, ಈ ಬುದ್ಧಿಗೆ ಮಾತ್ರ ವಯಸ್ಸೇ ಆಗಲಿಲ್ಲ ನೋಡು. ಇದನ್ನೂ ನೀನೇ ತಿದ್ದಬೇಕು.